ಬಂದಾಯ್ತು

ಈಜುಕೊಳ ಗುಡಿಸುವ ಆ ಯಂತ್ರಕ್ಕೆ ನಾನು ಮೊದಲು ಕೊಟ್ಟದ್ದು ಪೆಟ್ಟು. ಮುಚ್ಚಳ ಬಿಚ್ಚಲಿಲ್ಲ, ವಯರ್ ಮುಟ್ಟಿ ನೋಡಲಿಲ್ಲ, ಏನಾಗಿದೆ ಎಂದು ಯಾರನ್ನೂ ಕೇಳಲಿಲ್ಲ. ಬೈಕಿನಿಂದ ಇಳಿದವನೇ ಅಂಗೈ ಬಿಡಿಸಿ ಅದರ ಬೆನ್ನಿಗೆ ಎರಡು ಬಾರಿಸಿದೆ. ಹಾಗೆ ಬಾರಿಸುವುದಕ್ಕೆ ಆಗ ನನಗೆ ನಾಚಿಕೆಯೇನೂ ಇರಲಿಲ್ಲ.

ಕಾಣಿಯೂರಿನಲ್ಲಿ ನಮ್ಮದು ಪಂಪು ರಿಪೇರಿಯ ಅಂಗಡಿ. ತೋಟದ ಮೋಟಾರು, ಬೋರಿನ ಪಂಪು, ಸ್ಟಾರ್ಟರ್ ಡಬ್ಬ, ದಿನವೂ ಇವುಗಳ ಜೊತೆಗೇ ಗುದ್ದಾಟ. ಸ್ಟಾರ್ಟರಿನ ಒಳಗೆ ಏನಾದರೂ ಅಂಟಿಕೊಂಡಿದ್ದರೆ ಹೊರಗಿನಿಂದ ಒಂದು ಗುದ್ದಿಗೆ ಬಿಟ್ಟುಕೊಳ್ಳುತ್ತದೆ, ಅದು ನಿಜ. ಆ ಒಂದು ನಿಜ ಸಿಕ್ಕಿದ್ದೇ ತಡ, ನಾನು ಎಲ್ಲದಕ್ಕೂ ಗುದ್ದತೊಡಗಿದೆ. ಟಿವಿಗೆ, ಫ್ರಿಜ್ಜಿಗೆ, ಜೀಪಿನ ಬಾನೆಟ್ಟಿಗೆ, ಹಾಳಾಗದ ಗ್ರೈಂಡರಿಗೂ. ಕೆಲವರು ಫೋನಿನಲ್ಲೇ, “ಒಮ್ಮೆ ಬಂದು ಎರಡು ಕೊಟ್ಟು ಹೋಗಿ ಮಾರಾಯ್ರೆ” ಎನ್ನುತ್ತಿದ್ದರು. ಅದು ತಮಾಷೆ ಎಂದು ತಿಳಿಯದೆ ಹೊಗಳಿಕೆ ಎಂದುಕೊಂಡಿದ್ದೆ.

ಮನುಷ್ಯರಿಗೂ ಕೊಟ್ಟಿದ್ದೇನೆ. ಬಸ್ಸಿನಲ್ಲಿ ಕಾಲು ತುಳಿದು ನಕ್ಕವನಿಗೆ ಕೊಟ್ಟಿದ್ದೇನೆ. ವಾಲಿಬಾಲ್ ಅಂಗಳದಲ್ಲಿ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ಜಗಳದಲ್ಲಿ ಒಬ್ಬನ ಹಲ್ಲು ಅಲ್ಲಾಡಿಸಿದ್ದೇನೆ. ಒಮ್ಮೆ, ಭಾವನಿಗೂ ಕೊಟ್ಟಿದ್ದೇನೆ.

ಭಾವ ಎಂದರೆ ಅಕ್ಕನ ಗಂಡ, ಅಂಗಡಿಯಲ್ಲಿ ನನ್ನ ಜೊತೆಗಾರರು. ಘಟ್ಟದ ಮೇಲಿನವರು. ಮೋಟಾರು ವೈಂಡಿಂಗ್ ಕೆಲಸಕ್ಕೆಂದು ಪುತ್ತೂರಿಗೆ ಇಳಿದವರು ಅಕ್ಕನನ್ನು ಕಟ್ಟಿಕೊಂಡು ಇಲ್ಲೇ ಉಳಿದರು. ನನಗೂ ಅವರಿಗೂ ಎಣ್ಣೆ ಸೀಗೆಕಾಯಿ. ಅವರು ಒಂದು ಸ್ಕ್ರೂ ಬಿಚ್ಚಿದರೆ ಅದನ್ನು ಬಟ್ಟಲಿಗೆ ಹಾಕಿ, ಬಟ್ಟಲನ್ನು ಬದಿಗಿಟ್ಟು, ಆಮೇಲೆ ಎರಡನೆಯದಕ್ಕೆ ಕೈ ಹಾಕುವವರು. ನಾನು ಉಲ್ಟಾ ಕಟ್ಟಿದ ಒಂದು ಮೋಟಾರನ್ನು ನೋಡಿ ಅವರು ಒಂದು ದಿನ ನಕ್ಕರು. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ಎಸೆದೆ. ಅವರ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು.

ಅಕ್ಕ ಅಂಗಡಿಗೆ ಬಂದಳು. ಬೊಬ್ಬೆ ಹಾಕಲಿಲ್ಲ. ಅಮ್ಮ ತೀರಿದ ಮೇಲೆ ನನ್ನನ್ನು ಸಾಕಿದವಳು ಅವಳು, ನನ್ನ ಮೇಲೆ ಯಾವತ್ತೂ ಕೈ ಎತ್ತಿದವಳಲ್ಲ. “ಇನ್ನೊಂದು ಸಲ ನಿನ್ನಿಂದ ಇವರಿಗೆ ಎಂತಾದ್ರೂ ಆದ್ರೆ ನನಗೆ ತಮ್ಮ ಇಲ್ಲ. ಗೊತ್ತಾಯ್ತಾ?” ಎಂದು ಹೇಳಿ ಹೋದಳು. ಗೊತ್ತಾಗಿತ್ತು. ಪೆರಾಬೆಯ ಅವಳ ಮನೆ ಬಿಟ್ಟರೆ ನನಗೆ ಬೇರೆ ಮನೆಯಿಲ್ಲ. ಭಾನುವಾರ ಅಲ್ಲಿಗೆ ಹೋದರೆ ಕಾಲು ತೊಳೆದು ನೆಟ್ಟಗೆ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುವವನು ನಾನು. ಜಗಲಿಯಲ್ಲಿ ಕುಳಿತದ್ದು ಎಂದೂ ಇಲ್ಲ. ಆಮೇಲೆ ಐದು ವರ್ಷ ಭಾವನ ಎದುರು ನನ್ನ ಕೈಯನ್ನು ಹಿಡಿದಿಟ್ಟುಕೊಂಡೆ. ಆ ಸಿಟ್ಟನ್ನೆಲ್ಲ ಯಂತ್ರಗಳ ಮೇಲೆ ಕಾರಿದೆ.

ಭಾವ ನನ್ನನ್ನು ಕ್ಷಮಿಸಿದ್ದರು. ಕೆಣಕುವುದನ್ನೂ ಬಿಟ್ಟಿರಲಿಲ್ಲ. ನಮ್ಮ ಕರಾವಳಿಯ ಕನ್ನಡ ಎಂದರೆ ಅವರಿಗೆ ಭಾರಿ ತಮಾಷೆ.

“ನಿಮ್ಮೂರಲ್ಲಿ ಎಲ್ಲದಕ್ಕೂ ಒಂದು ಆಯ್ತು ಅಂಟಿಸ್ತೀರಲ್ಲೋ. ಬಸ್ಸು ಬಂತು ಅಂದ್ರೆ ಸಾಲಲ್ವಾ? ಬಂದಾಯ್ತು, ಹೋಗಿಯಾಯ್ತು, ತಿಂದಾಯ್ತು.”

“ನಿಮಗೆ ಎಂತ ಕಷ್ಟ ಭಾವ? ಅರ್ಥ ಆಗ್ತದಲ್ಲ?”

“ಆಗುತ್ತೆ ಬಿಡು” ಎಂದು ನಗುತ್ತಿದ್ದರು.

ಆ ಯಂತ್ರ ಇದ್ದದ್ದು ಪಂಜದ ಹತ್ತಿರ, ಒಬ್ಬರು ಬ್ಯಾರಿ ಕಾಕನ ಹೋಂಸ್ಟೇಯಲ್ಲಿ. ಕಾಕ ಅರ್ಧ ಆಯುಷ್ಯ ಗಲ್ಫಿನಲ್ಲಿ ದುಡಿದು ಬಂದು, ಸುಬ್ರಹ್ಮಣ್ಯಕ್ಕೆ ಹೋಗುವವರು ಉಳಿದುಕೊಳ್ಳಲಿ ಎಂದು ನಾಲ್ಕು ಕೋಣೆ, ಮುಂದೆ ಒಂದು ಈಜುಕೊಳ ಕಟ್ಟಿಸಿದ್ದರು. ಯಂತ್ರವನ್ನೂ ಗಲ್ಫಿನಿಂದಲೇ ತರಿಸಿದ್ದು. ಬೆನ್ನು ಉಬ್ಬಿದ, ಅಡಿಯಲ್ಲಿ ಚಕ್ರ ಮತ್ತು ಬ್ರಷ್ಷು ಇರುವ, ಉದ್ದ ವಯರಿನ ಒಂದು ಪೆಟ್ಟಿಗೆ. ನೀರಿಗೆ ಬಿಟ್ಟರೆ ತಾನೇ ತಳವೆಲ್ಲ ತಿರುಗಿ ಕಸ ಎಳೆದುಕೊಳ್ಳುತ್ತದೆ. ಕಾಕ ಅದನ್ನು ಆಮೆ ಎನ್ನುತ್ತಿದ್ದರು.

ಆ ಕೊಳಕ್ಕೆ ನಾನು ಮೊದಲೂ ಒಮ್ಮೆ ಹೋಗಿದ್ದೆ, ಒಬ್ಬನೇ. ಅದು ಹಿಂದಿನ ಮಳೆಗಾಲ. ಕೊಳದ ಪಂಪಿಗೂ ನೀರೊಳಗೆ ಗೋಡೆಯಲ್ಲಿ ಕೂರಿಸಿದ ಲೈಟಿಗೂ ಸೇರಿಸಿ ಒಂದು ಟ್ರಿಪ್ ಸ್ವಿಚ್ ಇತ್ತು. ಎಲ್ಲಾದರೂ ಕರೆಂಟು ಸೋರಿದರೆ ತಾನಾಗಿ ಬಿದ್ದು ಲೈನು ಕಡಿಯುವ ಸ್ವಿಚ್ಚು. ಥಂಡಿಗೆ ಅದು ದಿನಕ್ಕೆ ಹತ್ತು ಸಲ ಬೀಳುತ್ತಿತ್ತು. ನಾನು ಹೋಗಿ ಎತ್ತಿದೆ, ಬಿತ್ತು. ಎತ್ತಿದೆ, ಬಿತ್ತು. ಮೂರನೆಯ ಸಲ ಸುತ್ತಿಗೆ ತೆಗೆದುಕೊಂಡು ಅದರ ಮುಸುಡಿಗೆ ಬಡಿದೆ. ಚೂರಾಯಿತು. ಕಿತ್ತು ಎಸೆದು ಡೈರೆಕ್ಟ್ ಕೊಟ್ಟೆ. ಡೈರೆಕ್ಟ್ ಕೊಡುವುದು ಎಂದರೆ ನಮ್ಮ ರಿಪೇರಿಯವರ ಭಾಷೆಯಲ್ಲಿ, ನಡುವೆ ಕಾಯುವುದಕ್ಕೆಂದು ಇರುವುದನ್ನು ತೆಗೆದು ವಯರಿಗೆ ವಯರು ಕಟ್ಟಿಬಿಡುವುದು. ಅಂದಿನಿಂದ ಪಂಪು ಓಡಿದರೆ ಲೈಟೂ ಉರಿಯುತ್ತಿತ್ತು, ಹಗಲಾದರೂ ಸರಿಯೇ. ಕಾಕನಿಗೆ ಭಾರಿ ಖುಷಿ. ಭಾವನಿಗೆ ನಾನು ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಬೈಕು ಹತ್ತಿಸಿ ಕರೆದುಕೊಂಡು ಹೋಗಿ ಬಿಚ್ಚಿಸುತ್ತಿದ್ದರು.

ಬೇಸಗೆಯಲ್ಲಿ ಆಮೆ ನಿಂತಿತು. ಮಧ್ಯಾಹ್ನ ನಾವಿಬ್ಬರೂ ಹೋದೆವು. ಸಂಜೆಗೆ ಗೆಸ್ಟುಗಳು ಬರುವವರಿದ್ದರು. ಕೊಳದ ತಳದಲ್ಲಿ ಎಲೆ, ಮರಳು, ಹೂವಿನ ಎಸಳು. ಕಾಕ ಬಿಸಿಲಿನಲ್ಲೇ ಶತಪಥ ಹಾಕುತ್ತಿದ್ದರು.

“ಬೆಳಗ್ಗಿಂದ ಬಡಿದೆ ಮಾರಾಯ, ನನ್ನ ಚಪ್ಪಲಿ ಹರಿದದ್ದು ಮಾತ್ರ. ನೀನು ಎಂತಾದ್ರೂ ಮಾಡು.”

ಮೊದಲು ಹೇಳಿದ ಆ ಎರಡು ಪೆಟ್ಟು ಬಿದ್ದದ್ದು ಆಗಲೇ. ಆಮೆ ಅಲುಗಲಿಲ್ಲ. ಭಾವ ನನ್ನನ್ನು ಬದಿಗೆ ಸರಿಸಿ ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಪ್ಲಗ್ಗಿನಲ್ಲಿ ಮೀಟರ್ ಇಟ್ಟು ನೋಡಿದರು, ಕರೆಂಟು ಸರಿ ಇತ್ತು. ಆಮೆಯ ಪವರ್ ಬಾಕ್ಸಿನಲ್ಲಿ ಹಸಿರು ದೀಪ ಹತ್ತಿತು, ಚಕ್ರ ಒಂದು ಸುತ್ತು ತಿರುಗಿತು, ನಿಂತಿತು, ದೀಪ ಕೆಂಪಾಯಿತು. ವಯರಿನ ಸಿಕ್ಕುಗಳನ್ನು ಒಂದೊಂದಾಗಿ ಬಿಡಿಸಿ ನೆಲದಲ್ಲಿ ನೇರ ಹಾಸಿದರು. ಮತ್ತೆ ಹಾಕಿದರು. ಹಸಿರು, ಒಂದು ಸುತ್ತು, ಕೆಂಪು. ಕಸ ತುಂಬುವ ಬುಟ್ಟಿ ತೆಗೆದು ನಳ್ಳಿಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಕೂರಿಸಿದರು. ಹಸಿರು, ಒಂದು ಸುತ್ತು, ಕೆಂಪು.

ನನ್ನ ತಲೆಯ ಒಳಗೆ ಏನೋ ಕುದಿಯತೊಡಗಿತ್ತು. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಹಿಂದಿನಿಂದ ಕಾಕನ ಗೊಣಗು.

“ಇನ್ನು ಅಡಿ ಬಿಚ್ಚೋಣ. ಒಳಗೊಂದು ಫ್ಯಾನ್ ಇರುತ್ತೆ, ಅದಕ್ಕೇ ಏನೋ ಸಿಕ್ಕಿದೆ. ಸ್ಕ್ರೂಡ್ರೈವರ್ ಕೊಡು” ಎಂದರು ಭಾವ.

“ನೀವು ರಿಪೇರಿ ಮಾಡುದಾ ಭಾವ, ಪೂಜೆ ಮಾಡುದಾ?”

“ನಾಲ್ಕು ಸ್ಕ್ರೂ ಕಣೋ. ಐದು ನಿಮಿಷ ಬಾಯಿ ಮುಚ್ಚು.”

ಬಾಯಿ ಮುಚ್ಚು ಎಂದದ್ದು ತಡೆಯಲಾಗಲಿಲ್ಲ. ಅವರಿಗೆ ಹೊಡೆಯುವ ಹಾಗಿಲ್ಲ. ಅವರ ಮುಂದಿದ್ದ ಆಮೆಗೆ ಜಾಡಿಸಿ ಒದ್ದೆ. ಅದು ಕಲ್ಲಿನ ಅಂಚಿನಿಂದ ಹಾರಿತು, ವಯರು ಬಾಕ್ಸಿನಿಂದ ಕಿತ್ತು ಬಂತು, ಆಮೆ ಕೊಳದ ಗೋಡೆಗೆ ಬಡಿದು ಮುಳುಗಿತು. ನೀರಿನ ಅಡಿಯಿಂದ ಟಪ್ ಎಂದು ಒಂದು ಸಣ್ಣ ಸದ್ದು ಬಂತು. ಕೇಳಿದೆ, ಲಕ್ಷ್ಯ ಕೊಡಲಿಲ್ಲ. ಒದ್ದ ಕಾಲಿನ ಹೆಬ್ಬೆರಳಿನ ಉಗುರು ಎದ್ದಿತ್ತು, ಆ ನೋವೂ ಹಿತವೆನಿಸಿತು.

ಆಗಲೇ ಕರೆಂಟು ಹೋಯಿತು. ಜಗಲಿಯ ಫ್ಯಾನು ನಿಂತಿತು, ಕೊಳದ ಪಂಪು ಗುಂಯ್‌ಗುಡುವುದೂ ನಿಂತಿತು. ಕರೆಂಟು ಬಂದ ಮೇಲೂ ಆ ಪಂಪು ಎದ್ದು ಸದ್ದು ಮಾಡುವುದಕ್ಕೆ ಒಂದು ನಿಮಿಷ ಬೇಕು. ನಾನು ತೇಲುತ್ತಿದ್ದ ವಯರು ಹಿಡಿದು ಎಳೆಯಲು ಬಗ್ಗಿದೆ. ಭಾವ ನನ್ನ ತೋಳು ಹಿಡಿದರು.

“ಎಳೀಬೇಡ, ಬೇರು ಸಮೇತ ಕಿತ್ತು ಬರುತ್ತೆ. ನಾನೇ ಇಳಿದು ಎತ್ತುತ್ತೀನಿ. ನೀನು ಹೋಗಿ ಮೈನ್ ಬಂದ್ ಮಾಡು.”

“ಕರೆಂಟೇ ಇಲ್ಲ ಭಾವ. ಮೈನ್ ಯಾಕೆ?”

“ಹೋದದ್ದು ಬರಲ್ವಾ? ಬಂದ್ ಮಾಡಿ ಅಲ್ಲಿಂದಲೇ ಕೂಗು. ಆಮೇಲೆ ಇಳೀತೀನಿ.”

ಅವರು ಪ್ಯಾಂಟು ಮಡಚಿಕೊಂಡು ಕೊಳದ ಸ್ಟೀಲ್ ಏಣಿಯ ಹತ್ತಿರ ನಿಂತರು. ಹೇಳಿದ ಹಾಗೆಯೇ ಕಾದು ನಿಂತರು. ಮೈನ್ ಇದ್ದದ್ದು ಮನೆಯ ಹಿಂದುಗಡೆ. ನಾನು ಓಡಲಿಲ್ಲ. ಉಗುರು ಎದ್ದ ಕಾಲನ್ನು ಎಳೆಯುತ್ತ, ಭಾವನನ್ನೂ ಆಮೆಯನ್ನೂ ಅದನ್ನು ಮಾಡಿದವನನ್ನೂ ಬಯ್ಯುತ್ತ ನಡೆದೆ. ಮನೆಯ ಮೂಲೆ ತಿರುಗುವಾಗ ಜಗಲಿಯ ಫ್ಯಾನು ತಿರುಗತೊಡಗಿದ್ದು ಕಂಡಿತು. ಎಷ್ಟು ಸಿಟ್ಟಿದ್ದರೂ ಅಷ್ಟು ಬುದ್ಧಿ ಉಳಿದಿತ್ತು. ಇಳಿಯಬೇಡಿ ಎಂದು ಎಚ್ಚರಿಸುವುದಕ್ಕೇ, ಗಂಟಲು ಹರಿಯುವ ಹಾಗೆ ಕೂಗಿದೆ.

“ಬಂದಾಯ್ತು! ಭಾವಾ, ಬಂದಾಯ್ತು!”

“ಸರಿ” ಎಂದು ಉತ್ತರ ಬಂತು.

ನಾನು ಹೇಳಿದ್ದು ಕರೆಂಟು ಬಂದಾಯ್ತು ಎಂದು. ಅವರು ಕೇಳಿಸಿಕೊಂಡದ್ದು ಮೈನ್ ಬಂದ್ ಆಯ್ತು ಎಂದು. ಅವರ ಊರಿನವನಾಗಿದ್ದರೆ ಕರೆಂಟ್ ಬಂತು ಎನ್ನುತ್ತಿದ್ದೆ. ಅವರು ಇಲ್ಲಿಯವರಾಗಿ ತುಳುವಿನಲ್ಲಿ ಮಾತಾಡುವವರಾಗಿದ್ದರೆ ಬತ್ತ್‌ಂಡ್ ಎನ್ನುತ್ತಿದ್ದೆ. ಎರಡರಲ್ಲಿ ಯಾವುದನ್ನು ಹೇಳಿದ್ದರೂ ಅವರು ಹೆಜ್ಜೆ ಹಿಂದಿಡುತ್ತಿದ್ದರು. ಇಳಿಯಬೇಡಿ ಎಂದು ನೆಟ್ಟಗೆ ಹೇಳಿದ್ದರೂ ಸಾಕಿತ್ತು. ಅವರು ಕಾಯುತ್ತಿದ್ದದ್ದು ಒಂದೇ ಮಾತಿಗೆ, ಆ ಮಾತೇ ನನ್ನ ಬಾಯಿಂದ ಬಂತು.

ಅವರು ಕೂಗಲಿಲ್ಲ. ಕೂಗಿದವರು ಕಾಕ. ನಾನು ತಿರುಗಿ ನೋಡಿದಾಗ ಭಾವ ಸೊಂಟದವರೆಗೆ ನೀರಿನಲ್ಲಿದ್ದರು. ಬಲಗೈ ಏಣಿಯ ಸ್ಟೀಲಿಗೆ ಕಚ್ಚಿಕೊಂಡಿತ್ತು, ತಲೆ ಹಿಂದಕ್ಕೆ ಬಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದಿದ್ದವು. ಮೈಯೆಲ್ಲ ಒಂದೇ ಸಮನೆ ನಡುಗುತ್ತಿತ್ತು. ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುತ್ತಿತ್ತು.

“ಕಾಕಾ, ಮೈನ್! ಹಿಂದೆ ಓಡಿ!” ಎಂದು ಕಿರುಚಿ ನಾನು ಕೊಳದ ಕಡೆ ಓಡಿದೆ. ಮೈನ್ ನನಗೇ ಹತ್ತಿರವಿತ್ತು ಎಂಬುದು ಆಗ ತಲೆಗೆ ಹೋಗಲಿಲ್ಲ. ಕೈಗೆ ಸಿಕ್ಕಿದ್ದು ಎಲೆ ತೆಗೆಯುವ ಬಲೆಯ ಅಲ್ಯೂಮಿನಿಯಂ ಕೋಲು. ಎಸೆದೆ. ಗೋಡೆಗೆ ಒರಗಿಸಿದ್ದ, ಬಟ್ಟೆ ಒಣಹಾಕುವ ಬಿದಿರು ಕಂಡಿತು. ಎರಡೂ ಕೈಯಲ್ಲಿ ಅದನ್ನು ಎತ್ತಿ ಭಾವನ ಕೈಗೆ ಹೊಡೆದೆ.

ಬಿಡಲಿಲ್ಲ. ಮತ್ತೆ ಹೊಡೆದೆ. ಚರ್ಮ ಸುಲಿದು ರಕ್ತ ಬಂತು. ಬೆರಳುಗಳು ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದ ಹಾಗಿತ್ತು. ಮೂರನೆಯದನ್ನು ನನ್ನ ಜನ್ಮದ ಎಲ್ಲ ಸಿಟ್ಟನ್ನೂ ಸೇರಿಸಿ ಹೊಡೆದೆ. ಮಣಿಕಟ್ಟಿನ ಎಲುಬು ಮುರಿದದ್ದು ಬಿದಿರಿನ ಮೂಲಕ ನನ್ನ ಅಂಗೈಗೆ ತಿಳಿಯಿತು. ಕೈ ಬಿಟ್ಟಿತು. ಅವರು ಹಿಂದಕ್ಕೆ ನೀರಿಗೆ ಬಿದ್ದು ಮುಳುಗಿದರು.

ಹಿಂದಿನಿಂದ ಕಾಕನ ಕೂಗು ಬಂತು. “ಆಫ್! ಆಫ್! ಆಫ್!”

ಹಾರಿದೆ. ಕೂದಲು ಹಿಡಿದು ಎಳೆದು, ಕಂಕುಳಿಗೆ ಕೈ ಹಾಕಿ, ಕಲ್ಲಿನ ಮೇಲೆ ಎತ್ತಿ ಹಾಕಿದೆ. ಉಸಿರಿರಲಿಲ್ಲ. ಮುಖ ಬೂದಿಯ ಬಣ್ಣ. ಲೈನ್‌ಮ್ಯಾನ್ ಒಬ್ಬರು ಹಿಂದೆ ತೋರಿಸಿಕೊಟ್ಟದ್ದು ನೆನಪಿತ್ತು. ಎರಡು ಅಂಗೈ ಒಂದರ ಮೇಲೊಂದು ಇಟ್ಟು ಎದೆಯನ್ನು ಅಮುಕತೊಡಗಿದೆ. ಅಮುಕುವುದಲ್ಲ, ಜಜ್ಜುವುದು. ಪಕ್ಕೆಲುಬು ಲಟಕ್ಕೆಂದಿತು. ಬಿಡಲಿಲ್ಲ. ಓಡಿಬಂದ ಕಾಕ ನನ್ನ ಕಾಲರ್ ಹಿಡಿದು ಎಳೆದರು.

“ಕೊಲ್ತೀಯಾ ಅವನನ್ನು? ಬಿಡು ಮಾರಾಯ!”

ಮೊಣಕೈಯಿಂದ ಕಾಕನ ಹೊಟ್ಟೆಗೆ ಗುದ್ದಿದೆ. ಆ ಮುದುಕ ಅಲ್ಲೇ ಕುಳಿತುಬಿಟ್ಟರು. ನಾನು ಜಜ್ಜುತ್ತಲೇ ಇದ್ದೆ, ಅಳುತ್ತಿದ್ದೆ, ಬಯ್ಯುತ್ತಿದ್ದೆ. ಏಳಿ ಭಾವ, ಏಳಿ, ನಿಮ್ಮ ನಾಲ್ಕು ಸ್ಕ್ರೂ ಬಿಚ್ಚುವ, ಏಳಿ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಅವರ ಬಾಯಿಂದ ನೀರು ಬಂತು. ಆಮೇಲೆ ಕೆಮ್ಮು. ಆಮೇಲೆ ನೋವಿನ ಒಂದು ದೊಡ್ಡ ನರಳಿಕೆ. ಅಂಥ ಚಂದದ ಸದ್ದನ್ನು ನಾನು ಕೇಳಿಲ್ಲ.

ಕಾಕ ಹೊಟ್ಟೆ ಹಿಡಿದುಕೊಂಡೇ ಕಾರು ಓಡಿಸಿದರು. ಪುತ್ತೂರಿನವರೆಗೆ ಭಾವನ ತಲೆ ನನ್ನ ತೊಡೆಯ ಮೇಲಿತ್ತು. ಕಾಣಿಯೂರಿನಲ್ಲಿ ನಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ನೀರಿನಡಿಯ ಆ ಟಪ್ ನೆನಪಾಯಿತು. ಒದ್ದ ಆಮೆ ಒಡೆದದ್ದು ಗೋಡೆಯ ಲೈಟಿನ ಗಾಜನ್ನು. ಅದಕ್ಕೆ ಲೈನು ಬರುತ್ತಿದ್ದದ್ದು ನಾನು ಕೊಟ್ಟ ಡೈರೆಕ್ಟಿನಿಂದ. ನಾನು ಸುತ್ತಿಗೆಯಲ್ಲಿ ಬಡಿದ ಆ ಸ್ವಿಚ್ಚು ಅಲ್ಲಿದ್ದಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತಿತ್ತು.

ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರು ಹಾಕಿದರು. ಎರಡು ಪಕ್ಕೆಲುಬು ಮುರಿದಿತ್ತು. ಜೀವಕ್ಕೆ ಅಪಾಯವಿಲ್ಲ ಎಂದರು. ಅಷ್ಟರಲ್ಲಿ ಅಕ್ಕ ಬಂದಳು. ಗಂಡನ ಕೈಯ ಬಾಸುಂಡೆ ನೋಡಿದಳು, ಎದೆಯ ಕಪ್ಪು ಗುರುತು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಹೊಡೆದದ್ದು ಯಾರು?”

ನಾನು ಬಾಯಿ ತೆರೆಯುವ ಮೊದಲೇ ಕಾಕ ಹೇಳಿದರು. “ತಂಗೀ, ಅವನು ಹೊಡೆದದ್ದಕ್ಕೆ ಇವನು ಉಳಿದದ್ದು. ಅಂಥ ತಮ್ಮ ಯಾರಿಗೆ ಉಂಟು?” ನಡೆದದ್ದನ್ನು ತಾನು ಕಂಡ ಹಾಗೆ ಹೇಳಿದರು. ಅವರು ಲೆಕ್ಕಕ್ಕೆ ಹಿಡಿದದ್ದು ಶಾಕ್ ಹೊಡೆದಲ್ಲಿಂದ ಈಚೆಗೆ ಮಾತ್ರ, ನೀರಿಗೆ ಕರೆಂಟು ಹೇಗೆ ಬಂತು ಎಂದು ಅವರಿಗೆ ಗೊತ್ತಿರಲಿಲ್ಲ.

ಅಕ್ಕ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅವಳ ಕಣ್ಣೀರು ನನ್ನ ಬೆರಳಿಗೆ ಬಿಸಿಯಾಗಿ ತಾಗಿತು. ಸುಮ್ಮನಿರಬಹುದಿತ್ತು. ಸತ್ಯ ಗೊತ್ತಿದ್ದವನು ನಾನೊಬ್ಬನೇ, ಒಂದು ಲೈಟಿನ ಗಾಜು ಯಾವಾಗ ಒಡೆಯಿತು ಎಂದು ಯಾರು ಕೇಳುತ್ತಾರೆ? ಆದರೆ ಆ ಕೈಯನ್ನು ಅವಳು ಕಣ್ಣಿಗೆ ಒತ್ತಿಕೊಂಡದ್ದು ನನಗೆ ಸಹಿಸಲಾಗಲಿಲ್ಲ. ಸ್ವಿಚ್ಚು ಒಡೆದದ್ದು, ಡೈರೆಕ್ಟ್ ಕೊಟ್ಟದ್ದು, ಮುಚ್ಚಿಟ್ಟದ್ದು, ಒದ್ದದ್ದು, ಕೂಗಿದ್ದು, ಎಲ್ಲವನ್ನೂ ಹೇಳಿದೆ.

ಅವಳು ಕೈ ಬಿಟ್ಟಳು. ಕೆನ್ನೆಗೆ ಬಿತ್ತು. ಇನ್ನೊಂದು ಕೆನ್ನೆಗೆ ಬಿತ್ತು. ಬಳೆ ಒಡೆದು ನನ್ನ ದವಡೆಗೆ ಚುಚ್ಚಿತು. ವಾರ್ಡಿನ ಜನ ಎದ್ದು ನಿಂತರು, ನರ್ಸ್ ಓಡಿಬಂದರು. ಕಾಕ ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಅಕ್ಕ ಏದುಸಿರು ಬಿಡುತ್ತ, “ಹೇಳಿದ್ದೆ ನಾನು ನಿನಗೆ. ಮನೆಗೆ ಬರ್ಬೇಡ” ಎಂದಳು.

ಮರುದಿನ ಪಂಜಕ್ಕೆ ಹೋದೆ. ಡೈರೆಕ್ಟ್ ಬಿಚ್ಚಿ ಹೊಸ ಟ್ರಿಪ್ ಸ್ವಿಚ್ ಕೂರಿಸಿದೆ, ಒಡೆದ ಲೈಟು ತೆಗೆದೆ. ಆಮೆಯನ್ನು ಎತ್ತಿ ಬೆನ್ನಡಿ ಮಾಡಿ ನಾಲ್ಕು ಸ್ಕ್ರೂ ಬಿಚ್ಚಿದೆ. ಒಂದೊಂದನ್ನೂ ಬಟ್ಟಲಿಗೆ ಹಾಕಿದೆ. ಫ್ಯಾನಿಗೆ ಸುತ್ತಿಕೊಂಡಿದ್ದದ್ದು ಬಾಳೆನಾರು. ಯಾರೋ ಗೆಸ್ಟ್ ಮುಡಿದಿದ್ದ ಮಲ್ಲಿಗೆ ದಂಡೆಯದ್ದು, ಎರಡು ಮೊಗ್ಗು ಇನ್ನೂ ಅದರಲ್ಲಿತ್ತು. ಒಂದು ಗೇಣು ನಾರು. ಎಳೆದೆ, ಬಂತು. ಫ್ಯಾನು ಬೆರಳಿಗೆ ಹಗುರವಾಗಿ ತಿರುಗಿತು. ಆ ಆಮೆಯನ್ನು ಕಲ್ಲಿಗೆ ಅಪ್ಪಳಿಸಿ ಪುಡಿ ಮಾಡಬೇಕು ಎನಿಸಿತು. ತಲೆಯ ಮೇಲಿನವರೆಗೆ ಎತ್ತಿದ್ದೆ ಕೂಡ. ಕಾಕ ನೋಡುತ್ತ ನಿಂತಿದ್ದರು. ಇಳಿಸಿ ನೆಲದ ಮೇಲಿಟ್ಟೆ.

ಮೂರು ತಿಂಗಳ ಮೇಲೆ ಭಾವ ಅಂಗಡಿಗೆ ಬಂದರು. ಬಲಗೈ ಮಣಿಕಟ್ಟು ಈಗ ಪೂರ್ತಿ ತಿರುಗುವುದಿಲ್ಲ, ವೈಂಡಿಂಗ್ ಕೆಲಸ ಅವರಿಂದ ಆಗುವುದಿಲ್ಲ. ಅವರು ಕುಳಿತು ಹೇಳುತ್ತಾರೆ, ನಾನು ಸುತ್ತುತ್ತೇನೆ. ಬಂದ್ ಎಂಬ ಪದ ನಮ್ಮ ಅಂಗಡಿಯಲ್ಲಿ ಇಲ್ಲ. ಒಬ್ಬರು ಆಫ್ ಎನ್ನಬೇಕು, ಇನ್ನೊಬ್ಬರು ಮೈನ್ ನೋಡಿ ಬಂದು ಆಫ್ ಎನ್ನಬೇಕು, ಆಮೇಲೆಯೇ ಕೈ ಹಾಕುವುದು. ಭಾವ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮತ್ತೂ ಎರಡು ತಿಂಗಳಾದ ಮೇಲೆ, “ಈ ಭಾನುವಾರ ಬಾ. ನಾನು ಹೇಳಿದೀನಿ” ಎಂದರು. ಅಕ್ಕ ಏನೆಂದಳು ಎಂದು ಕೇಳುವ ಧೈರ್ಯ ಬರಲಿಲ್ಲ.

ಪೆರಾಬೆಗೆ ಹೋದೆ. ಬೈಕು ನಿಲ್ಲಿಸಿ ಅಂಗಳದ ಬದಿಯ ನಳ್ಳಿಯಲ್ಲಿ ಕಾಲು ತೊಳೆದೆ. ಅಕ್ಕ ಬಾಗಿಲಿಗೆ ಬಂದು ಚೌಕಟ್ಟಿಗೆ ಕೈ ಇಟ್ಟು ನಿಂತಳು. ಒಳಗಿನಿಂದ ಭಾವನ ದನಿ ಕೇಳಿತು. “ಯಾರೇ? ಬಂದ್ನಾ?”

ಅವಳು ನನ್ನನ್ನೇ ನೋಡುತ್ತ ಹೇಳಿದಳು.

“ಬಂದಾಯ್ತು.”

ನನ್ನ ಕಾಲು ಮೆಟ್ಟಿಲ ಮೇಲೆ ನಿಂತುಬಿಟ್ಟಿತು. ತಮ್ಮ ಬಂದ ಎಂದಳೋ, ಬಾಗಿಲು ಬಂದ್ ಎಂದಳೋ ತಿಳಿಯಲಿಲ್ಲ. ಹುಟ್ಟಿದಂದಿನಿಂದ ಆಡುತ್ತ ಬಂದ ಮಾತು, ಅಕ್ಕನ ಬಾಯಲ್ಲಿ ಕೇಳಿ ನನಗೆ ಅರ್ಥವಾಗಲಿಲ್ಲ. ಅವತ್ತು ಏಣಿಯ ಹತ್ತಿರ ಕಾದು ನಿಂತಿದ್ದ ಭಾವ ನನ್ನ ಮಾತನ್ನು ಎಷ್ಟು ನಂಬಿ ಕಾಲು ಇಳಿಬಿಟ್ಟಿರಬೇಕು ಎಂದು ಆಗ ಹೊಟ್ಟೆಯೊಳಗೆ ತಿಳಿಯಿತು.

ಅಕ್ಕ ಬಾಗಿಲು ಹಾಕಲಿಲ್ಲ. ಬದಿಗೆ ಸರಿದು ಜಗಲಿಯ ಕುರ್ಚಿ ತೋರಿಸಿದಳು. ಕುಳಿತೆ. ಒಳಗೆ ಹೋಗಿ ಒಂದು ಚೆಂಬು ನೀರು, ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು ತಂದು ನನ್ನ ಮುಂದಿಟ್ಟಳು, ಹೊರಗಿನವರು ಬಂದರೆ ಕೊಡುವ ಹಾಗೆ. ಅಡುಗೆಮನೆಯಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಎದ್ದು ಹೋಗಿ ಮುಚ್ಚಳ ತೆಗೆಯಲಿಲ್ಲ. ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದೆ.